ಮುಂಗೈಯ ಮೂಳೆಯೂ ರಕ್ತದ ಕಿರುತಟ್ಟೆಗಳೂ

ನಮ್ಮ ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಬಹು ವಿರಳವಾಗಿ, ಎರಡು ಕೈಗಳಲ್ಲಿಯೂ ರೇಡಿಯಸ್ ಇಲ್ಲದ ಶಿಶು ಜನಿಸುವುದುಂಟು. ಹೆಬ್ಬೆರಳು ಮಾತ್ರ ಇದ್ದೇ ಇರುತ್ತದೆ. ‘ಟಾರ್’ ಎಂಬ ವ್ಯಾಧಿಯ ಗುರುತು ಇದು. ಇದರಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುತಟ್ಟೆಗಳೂ ಕಡಮೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದ ಅವು ಅನೇಕ ವೇಳೆ 50,000ಕ್ಕೂ ಕೆಳಗಿರುತ್ತವೆ.

ಇಂತಹ ಊನಕ್ಕೆ ನಮ್ಮಲ್ಲಿ ಗ್ರಹಣವನ್ನೋ ಗರ್ಭಿಣಿಯನ್ನೋ ದೂರುವುದುಂಟು. ಗ್ರಹಣವೆಂಬುದು ಬರಿಯ ನೆರಳು. ಅದು ಮೂಳೆಯನ್ನು ಅಳಿಸಲಾರದು. ನಿಜವಾದ ಕಾರಣ 2012ರಲ್ಲಿ ತಿಳಿದುಬಂದಿತು. 1ನೆಯ ವರ್ಣತಂತುವಿನಲ್ಲಿರುವ ಆರ್‌ಬಿಎಂ8ಎ ಎಂಬ ಜೀನಿನ ಎರಡು ಪ್ರತಿಗಳಲ್ಲಿ ಸಾಮಾನ್ಯವಾಗಿ ಒಂದು ಲೋಪವಾಗಿರುತ್ತದೆ, ಇನ್ನೊಂದರ ಕೆಲಸ ಕುಂದಿರುತ್ತದೆ. ಒಂದೇ ದೋಷವುಳ್ಳ ತಂದೆತಾಯಿಗಳು ಆರೋಗ್ಯವಾಗಿಯೇ ಇರುತ್ತಾರೆ. ತಪ್ಪು ಯಾರದೂ ಅಲ್ಲ.

ಮೊದಲ ಎರಡು ವರ್ಷಗಳು ಅಪಾಯದವು; ಮೆದುಳಿನಲ್ಲಿಯೂ ರಕ್ತಸ್ರಾವವಾಗಬಹುದು. ಅಗತ್ಯಬಿದ್ದಾಗ ದಾನಿಗಳ ರಕ್ತದಿಂದ ಬೇರ್ಪಡಿಸಿದ ಕಿರುತಟ್ಟೆಗಳನ್ನು ವೈದ್ಯರು ಕೊಡುತ್ತಾರೆ. ಹಲವು ಮಕ್ಕಳಿಗೆ ಹಸುವಿನ ಹಾಲು ಒಗ್ಗದು. ಕುಡಿಸಿದರೆ ಕಿರುತಟ್ಟೆಗಳು ಮತ್ತಷ್ಟು ಇಳಿಯಬಹುದು. ಆ ಅವಧಿಯನ್ನು ದಾಟಿದವರಲ್ಲಿ ಅವುಗಳ ಸಂಖ್ಯೆ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಆದುದರಿಂದ ಸೈದಾಪುರದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಇಂತಹ ಶಿಶುವಿನ ಕೈಯನ್ನು ಕಂಡು ಮರುಗುವ ಮೊದಲು ನಾವು ಅದರ ರಕ್ತವನ್ನು ಪರೀಕ್ಷೆ ಮಾಡಿಸಬೇಕು.