ಕಾರಿಗೆ ಅಲಾಯ್ ವೀಲ್, ಗ್ಯಾಸ್ ಕಿಟ್ ಹಾಕಿಸಿದರೆ ಇನ್ಶೂರೆನ್ಸ್ ರದ್ದಾಗುತ್ತಾ?

‘ಗಾಡಿಗೆ ಹೊಸ ಲೈಟ್ ಹಾಕಿಸಿದರೂ ಇನ್ಶೂರೆನ್ಸ್‌ನಿಂದ ಒಂದು ಪೈಸೆ ಬರಲ್ಲ, ಎಲ್ಲರಿಗೂ ಶೇರ್ ಮಾಡಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುತ್ತವೆ. ‘ಫುಲ್ ಇನ್ಶೂರೆನ್ಸ್ ಇದ್ದರೆ ಏನು ಮಾಡಿಸಿದರೂ ಕಂಪನಿ ಕೊಡಲೇಬೇಕು’ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ.

ಕುದೇರು, ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಇದು ದೂರದ ವಿಷಯವೇನಲ್ಲ. ಕುದೇರಿನ ಚಾಮುಲ್ ಡೇರಿಗೆ ಹಾಲು ತರುವ ಗಾಡಿಯಿಂದ ಹಿಡಿದು ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಸಾಗಿಸುವ ಪಿಕಪ್, ಊಟಿ, ವಯನಾಡಿಗೆ ಹೊರಡುವ ಮನೆಯ ಕಾರಿನವರೆಗೆ ಒಂದಲ್ಲ ಒಂದು ಬದಲಾವಣೆ ಮಾಡಿಸಿರುತ್ತೇವೆ. ಹಾಗಾದರೆ ಯಾವುದರಿಂದ ತೊಂದರೆ? ಒಂದೊಂದಾಗಿ ನೋಡೋಣ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ನೆರೆಯ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು.

ಹಾಗಂತ ಎಲ್ಲ ಬದಲಾವಣೆಗೂ ನಿಷೇಧವಿಲ್ಲ. ಮಾನ್ಯತೆ ಪಡೆದ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್, ಅಂಗವಿಕಲರು ಓಡಿಸಲು ಬೇಕಾದ ಮಾರ್ಪಾಡು ಇವಕ್ಕೆ ಅವಕಾಶವಿದೆ. ಆದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಬೇಕು. ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ, ಕಂಪನಿ ಹೇಳಿದ ಅಳತೆಯ ಅಲಾಯ್ ವೀಲ್ ಇವು ಆರ್‌ಸಿಯ ವಿವರವನ್ನು ಬದಲಿಸುವುದಿಲ್ಲ. ಇವು ಬಿಡಿ ಸಾಮಾನುಗಳಷ್ಟೇ.

‘ಫುಲ್ ಇನ್ಶೂರೆನ್ಸ್’ನಲ್ಲಿ ಎರಡು ಭಾಗ

ಮೊದಲನೆಯದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಪರಿಹಾರ. ಇದು ಎಲ್ಲ ಗಾಡಿಗೂ ಕಡ್ಡಾಯ. ಕಂಪನಿ ಇದನ್ನು ನಿರಾಕರಿಸಲು 150ನೇ ಕಲಂ ಕೆಲವೇ ಕಾರಣಗಳನ್ನು ಕೊಟ್ಟಿದೆ. ಚಾಲಕನಿಗೆ ಲೈಸೆನ್ಸ್ ಇಲ್ಲದಿರುವುದು, ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಾಲಿಸಿ ಪಡೆದಿರುವುದು ಇಂಥವು. ಅಲಾಯ್ ವೀಲ್ ಹಾಕಿಸಿದ್ದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ‘ಗಾಡಿ ಮಾಡಿಫೈ ಆಗಿದೆ, ನಿಮಗೆ ಪರಿಹಾರ ಸಿಗಲ್ಲ’ ಎಂದು ಯಾರಾದರೂ ಹೇಳಿದರೆ ಅಪಘಾತದಲ್ಲಿ ನೊಂದವರು ಅಷ್ಟಕ್ಕೇ ಕೈಚೆಲ್ಲಬಾರದು.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಗಾದ ಹಾನಿ. ಕ್ಲೇಮ್ ತಿರಸ್ಕಾರವಾಗುವುದು, ಮೊತ್ತ ಕಡಿತವಾಗುವುದು ಹೆಚ್ಚಾಗಿ ಇಲ್ಲೇ. ಸರ್ವೇಯರ್ ಬಂದು ಆರ್‌ಸಿ, ಪಾಲಿಸಿ, ಗಾಡಿ ಮೂರನ್ನೂ ತಾಳೆ ನೋಡುತ್ತಾರೆ. ಪಾಲಿಸಿಯಲ್ಲಿ ಬರೆಸದ 40,000 ರೂಪಾಯಿಯ ಮ್ಯೂಸಿಕ್ ಸಿಸ್ಟಂ ಕಳುವಾದರೆ ಅದರ ಹಣ ಬರುವುದಿಲ್ಲ. ಆದರೆ ಅದೊಂದೇ ಕಾರಣಕ್ಕೆ ಜಜ್ಜಿಹೋದ ಬಂಪರ್‌ನ ಕ್ಲೇಮ್ ಹೋಗಬೇಕಿಲ್ಲ.

ಬದಲಾವಣೆಗೂ ಹಾನಿಗೂ ಸಂಬಂಧ ಇದೆಯೇ?

ಇದಕ್ಕೆ ನಮ್ಮ ಹಾಸನದಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋದ ಪ್ರಕರಣವೊಂದಿದೆ. 6 ಜನರಿಗೆ ಅವಕಾಶವಿದ್ದ ಲಾರಿಯಲ್ಲಿ 9 ಜನರಿದ್ದರು. ಎದುರಿನ ವಾಹನಕ್ಕೆ ಡಿಕ್ಕಿಯಾಯಿತು. ನಿಯಮ ಮೀರಿದ್ದೀರಿ ಎಂದು ಕಂಪನಿ ಕ್ಲೇಮ್ ನಿರಾಕರಿಸಿತು. ಹೆಚ್ಚಿನ ಜನ ಇದ್ದದ್ದರಿಂದ ಅಪಘಾತ ಆಗಿಲ್ಲ, ಆದ್ದರಿಂದ ಪೂರ್ತಿ ನಿರಾಕರಿಸುವುದು ಸರಿಯಲ್ಲ ಎಂದು ಕೋರ್ಟ್ 1996ರಲ್ಲಿ ಹೇಳಿತು. 2008ರಲ್ಲಿ, ಸ್ವಂತ ಬಳಕೆಗೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸುತ್ತಿದ್ದ ಗಾಡಿ ಕಳುವಾದ ಪ್ರಕರಣದಲ್ಲಿ ಶೇ 75ರಷ್ಟು ಮೊತ್ತ ಕೊಡಿಸಿತು.

ಈ ಎರಡೂ ಮಾಡಿಫಿಕೇಶನ್ ಪ್ರಕರಣಗಳಲ್ಲ. ಆದರೂ ನಿಯಮ ಮೀರಿದ್ದಕ್ಕೂ ನಷ್ಟಕ್ಕೂ ಸಂಬಂಧ ಇದೆಯೇ ಎಂಬ ಪ್ರಶ್ನೆ ಇಲ್ಲಿಯೂ ಬರುತ್ತದೆ. ಹೆಚ್ಚು ಲೋಡ್ ಹಿಡಿಯಲೆಂದು ಬಾಡಿ ಎತ್ತರಿಸಿದ ಪಿಕಪ್ ತಿರುವಿನಲ್ಲಿ ಮಗುಚಿದರೆ ಸಂಬಂಧ ನೇರವಾಗಿಯೇ ಇದೆ. ಅದೇ ಪಿಕಪ್ ನಿಂತಿದ್ದಾಗ ಹಿಂದಿನಿಂದ ಬಸ್ ಗುದ್ದಿದರೆ ಮಾತೇ ಬೇರೆ.

ಬೆಂಕಿ ಹೊತ್ತಿಸುವ ಲೈಟು

ಹಲವು ಕಾರುಗಳ ಹೆಡ್‌ಲೈಟ್ ಬಲ್ಬು 60 ವ್ಯಾಟ್. 12 ವೋಲ್ಟ್‌ನಲ್ಲಿ ಅದು ಎಳೆಯುವುದು 5 ಆಂಪಿಯರ್. 130 ವ್ಯಾಟ್‌ನದು ಹಾಕಿದರೆ ಸುಮಾರು 11 ಆಂಪಿಯರ್. ವೈರ್ ಕಾಯುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ವೈರಿಂಗ್ ಅದೇ ಹಳೆಯದು, ಅದನ್ನೂ ಕತ್ತರಿಸಿ ಟೇಪ್ ಸುತ್ತಿದ್ದರೆ ಶಾರ್ಟ್ ಸರ್ಕ್ಯೂಟ್‌ಗೆ ದಾರಿಯಾಗುತ್ತದೆ. ಗಾಡಿ ಸುಟ್ಟಾಗ ಸರ್ವೇಯರ್ ಹುಡುಕುವುದು ಇದನ್ನೇ.

ಅಡುಗೆ ಅನಿಲದ ಸಿಲಿಂಡರ್‌ನಲ್ಲಿ ಕಾರು ಓಡಿಸುವುದಂತೂ ಕಾನೂನುಬಾಹಿರ. ಹೊತ್ತಿಕೊಂಡರೆ ಕಾರಿಗೂ ಹಣ ಬರುವುದಿಲ್ಲ, ಒಳಗಿದ್ದವರ ಜೀವಕ್ಕೂ ಗ್ಯಾರಂಟಿಯಿಲ್ಲ. ಮಾನ್ಯ ಸಿಎನ್‌ಜಿ ಕಿಟ್‌ನ ಸಿಲಿಂಡರನ್ನೂ 3 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ತಿಳಿಸಿದರೆ ಎಷ್ಟು ಖರ್ಚು?

ಬಹಳ ಜನ ಮುಚ್ಚಿಡುವುದು ಪ್ರೀಮಿಯಂ ಏರುತ್ತದೆಂಬ ಭಯಕ್ಕೆ. ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ ಗ್ಯಾಸ್ ಕಿಟ್‌ಗೆ, ಹಾಗೆಯೇ ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನಿಗೆ ಅದರ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ. ಅಂದರೆ 50,000 ರೂಪಾಯಿಯ ಕಿಟ್‌ಗೆ ವರ್ಷಕ್ಕೆ 2,000 ರೂಪಾಯಿ. ಗ್ಯಾಸ್ ಕಿಟ್ ಇದ್ದರೆ ಥರ್ಡ್ ಪಾರ್ಟಿಗೆ ಮತ್ತೆ 60 ರೂಪಾಯಿ. ಈಗ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ನಿಗದಿ ಮಾಡುವುದರಿಂದ ಹೆಚ್ಚುಕಡಿಮೆ ಆಗಬಹುದು. ಲಕ್ಷಗಟ್ಟಲೆ ಬೆಲೆಯ ಕಾರಿನ ಕ್ಲೇಮ್ ಮುಂದೆ ಇದು ಸಣ್ಣ ಮೊತ್ತವೇ.

ನಾವು ಮಾಡಬೇಕಾದ್ದು

- ಗಾಡಿ ಮುಟ್ಟುವ ಮೊದಲೇ, ಇದರಿಂದ ಆರ್‌ಸಿಯ ವಿವರ ಬದಲಾಗುತ್ತದೆಯೇ ಎಂದು ಆರ್‌ಟಿಒದಲ್ಲಿ ಕೇಳಿ.
- ಬಿಲ್ ಮತ್ತು ಫೋಟೊ ಸಮೇತ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ನವೀಕರಣದವರೆಗೆ ಕಾಯಬೇಕಿಲ್ಲ, ನಡುವೆಯೂ ಸೇರಿಸಬಹುದು. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.
- ಹೊಸ ಪಾಲಿಸಿಯಲ್ಲಿ ಆ ಸಾಮಾನಿನ ಹೆಸರು, ಬೆಲೆ ಬಂದಿದೆಯೇ ನೋಡಿ.
- ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಹಿಂದಿನವರು ಏನೇನು ಹಾಕಿಸಿದ್ದರು ಎಂದು ಆರ್‌ಸಿ ಜೊತೆ ತಾಳೆ ನೋಡಿ.
- ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಐಆರ್‌ಡಿಎಐ ಸಹಾಯವಾಣಿ 155255.

ಒಟ್ಟಾರೆ: ಗಾಡಿ ಮಾಡಿಫೈ ಮಾಡಿಸಿದ ಮಾತ್ರಕ್ಕೆ ಇನ್ಶೂರೆನ್ಸ್ ತಾನಾಗಿಯೇ ರದ್ದಾಗುವುದಿಲ್ಲ. ಕಾನೂನು ಒಪ್ಪದ ಬದಲಾವಣೆ ಅಥವಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯಿಂದಲೇ ಹಾನಿಯಾದರೆ ಕ್ಲೇಮ್ ಕೈತಪ್ಪುವ ಸಾಧ್ಯತೆ ಹೆಚ್ಚು. ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ: ಆರ್‌ಸಿಯಲ್ಲಿರುವುದು, ಪಾಲಿಸಿಯಲ್ಲಿರುವುದು, ಗಾಡಿಯಲ್ಲಿರುವುದು ಮೂರೂ ಒಂದೇ ಆಗಿರಲಿ.