ಮಾನವ ಶರೀರ ರಚನೆಯನ್ನು ಕುರಿತ ಅಪೂರ್ವ ಮುದ್ರಿತ ಗ್ರಂಥ: ‘ಫ್ಯಾಬ್ರಿಕಾ’ (1543)

ಪೀಠಿಕೆ

ವೈದ್ಯಕೀಯ ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿದ್ದನ್ನು ಶವಚ್ಛೇದನದ ಮೂಲಕ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುತ್ತಾರೆ. ಈ ಪದ್ಧತಿಗೆ ಭದ್ರ ಬುನಾದಿ ಹಾಕಿದ ಗ್ರಂಥವು 1543ರಲ್ಲಿ ಬಾಸೆಲ್ ನಗರದಲ್ಲಿ ಮುದ್ರಣಗೊಂಡ ‘ಡಿ ಹ್ಯೂಮನಿ ಕಾರ್ಪೊರಿಸ್ ಫ್ಯಾಬ್ರಿಕಾ’ ಆಗಿರುತ್ತದೆ. ಲ್ಯಾಟಿನ್ ಭಾಷೆಯ ಈ ಹೆಸರಿಗೆ ‘ಮಾನವ ಶರೀರದ ರಚನೆಯನ್ನು ಕುರಿತು’ ಎಂದರ್ಥ. ಸದರಿ ಗ್ರಂಥದ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಗ್ರಂಥಕರ್ತ ಮತ್ತು ಹಿನ್ನೆಲೆ

ಇದರ ಕರ್ತೃ ಆಂಡ್ರಿಯಾಸ್ ವೆಸಾಲಿಯಸ್. 1514ರಲ್ಲಿ ಬ್ರಸೆಲ್ಸ್ ನಗರದಲ್ಲಿ ಜನಿಸಿದ ಇವರು 1537ರಲ್ಲಿ ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ಬೋಧಕರಾಗಿ ನೇಮಕಗೊಂಡರು. ಅಂದಿನ ರೂಢಿಯಂತೆ ಬೋಧಕರು ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ವೈದ್ಯ ಗ್ಯಾಲೆನ್‌ನ ಬರಹಗಳನ್ನು ಓದುತ್ತಿದ್ದರು. ಶವವನ್ನು ಛೇದಿಸುವ ಕೆಲಸವನ್ನು ಸಹಾಯಕರು ಮಾಡುತ್ತಿದ್ದರು. ವೆಸಾಲಿಯಸ್ ಪೀಠದಿಂದ ಇಳಿದು, ಸ್ವತಃ ಕತ್ತಿ ಹಿಡಿದು ಪಾಠ ಹೇಳಿದರು.

ಗ್ಯಾಲೆನ್ ಮುಖ್ಯವಾಗಿ ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು ಪರೀಕ್ಷಿಸಿದ್ದನು. ಆದ್ದರಿಂದ ಅವನ ಹೇಳಿಕೆಗಳಲ್ಲಿ ಕೆಲವು ಮನುಷ್ಯರಿಗೆ ಅನ್ವಯಿಸುತ್ತಿರಲಿಲ್ಲ. ಉದಾಹರಣೆಗೆ, ಮನುಷ್ಯನ ಕೆಳದವಡೆಯು ಎರಡು ಮೂಳೆಗಳಿಂದಾಗಿದೆ ಎಂಬ ನಂಬಿಕೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಡೆದು ಬಂದಿತ್ತು. ಅದು ಒಂದೇ ಮೂಳೆ ಎಂಬುದನ್ನು ವೆಸಾಲಿಯಸ್ ತೋರಿಸಿಕೊಟ್ಟರು.

ಮುದ್ರಣದ ವೈಶಿಷ್ಟ್ಯ

ಏಳು ಭಾಗಗಳ ಈ ಗ್ರಂಥವು 600ಕ್ಕೂ ಹೆಚ್ಚು ದೊಡ್ಡ ಪುಟಗಳನ್ನು ಒಳಗೊಂಡಿದ್ದು, ಯೊಹಾನ್ನೆಸ್ ಒಪೊರಿನಸ್ ಎಂಬ ಮುದ್ರಕರು ಇದನ್ನು ಅಚ್ಚು ಮಾಡಿದರು. ಚಿತ್ರಗಳ ಮರದ ಅಚ್ಚುಗಳನ್ನು ವೆನಿಸ್ ನಗರದಿಂದ ಆಲ್ಪ್ಸ್ ಪರ್ವತಗಳನ್ನು ದಾಟಿಸಿ ಬಾಸೆಲ್‌ಗೆ ತರಲಾಗಿತ್ತು. ತಮ್ಮ ಗ್ರಂಥವನ್ನೂ ತಿದ್ದುಪಡಿಗೆ ಒಳಪಡಿಸಿದ ವೆಸಾಲಿಯಸ್, 1555ರಲ್ಲಿ ಪರಿಷ್ಕೃತ ಎರಡನೆಯ ಆವೃತ್ತಿಯನ್ನು ಹೊರತಂದರು. ಶತಮಾನಗಳ ಕಾಲ ಉಳಿದುಬಂದಿದ್ದ ಮೂಲ ಅಚ್ಚುಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯೂನಿಕ್ ನಗರದಲ್ಲಿ ಬಾಂಬ್ ದಾಳಿಗೆ ಸಿಲುಕಿ ನಾಶವಾದವು. ಮೊದಲ ಆವೃತ್ತಿಯ ಪ್ರತಿಗಳನ್ನು ಗ್ರಂಥಾಲಯಗಳು ಅಮೂಲ್ಯ ಸಂಗ್ರಹವೆಂದು ಕಾಪಾಡುತ್ತಿವೆ. ಇದರ ಪುಟಗಳ ಡಿಜಿಟಲ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿವೆ.

ಗ್ರಂಥದ ಹಿಂದಿನ ಶರೀರಗಳು

ಪಡುವಾದಲ್ಲಿ ಮರಣದಂಡನೆಗೆ ಗುರಿಯಾದವರ ಶವಗಳನ್ನು ಅಲ್ಲಿನ ನ್ಯಾಯಾಧೀಶರು ವೆಸಾಲಿಯಸ್ ಅವರಿಗೆ ಒದಗಿಸುತ್ತಿದ್ದರು. ಗೋರಿಗಳಿಂದ ಶವಗಳನ್ನು ತೆಗೆದ ಪ್ರಸಂಗಗಳೂ ಗ್ರಂಥದಲ್ಲಿಯೇ ಉಲ್ಲೇಖಗೊಂಡಿವೆ. ಆ ವ್ಯಕ್ತಿಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮುಖಪುಟದ ಚಿತ್ರದಲ್ಲಿ ಜನಸಂದಣಿಯ ನಡುವೆ ಛೇದನಕ್ಕೊಳಗಾಗಿರುವ ಶರೀರವು ಒಬ್ಬ ಮಹಿಳೆಯದು. ವೈದ್ಯ ಜಗತ್ತು ಇಂತಹವರಿಗೆ ಋಣಿಯಾಗಿದೆ.

ಇಂದಿನ ವ್ಯವಸ್ಥೆ

ಇಂದು ಸ್ವಇಚ್ಛೆಯಿಂದ ದೇಹದಾನ ಮಾಡಲು ಅವಕಾಶವಿದೆ. ಕರ್ನಾಟಕದಲ್ಲಿ ವೈದ್ಯಕೀಯ ಶಿಕ್ಷಣಕ್ಕಾಗಿ ಶವಗಳನ್ನು ಒದಗಿಸುವ ಕುರಿತು 1957ರ ಅನಾಟಮಿ ಅಧಿನಿಯಮವಿದೆ. ದೇಹದಾನ ಮಾಡಲಿಚ್ಛಿಸುವವರು ಸಮೀಪದ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗವನ್ನು ಸಂಪರ್ಕಿಸಬಹುದು. ಮರಣಾನಂತರ ಶರೀರವನ್ನು ಒಪ್ಪಿಸಬೇಕಾದವರು ಕುಟುಂಬದವರೇ ಆಗಿರುವುದರಿಂದ, ಈ ಇಚ್ಛೆಯನ್ನು ಅವರಿಗೆ ಮುಂಚಿತವಾಗಿ ತಿಳಿಸಿ ಅವರ ಸಮ್ಮತಿ ಪಡೆದಿರುವುದು ಅವಶ್ಯಕ.