ಸಾವರ್ಡೆಯ ನೆರೆಯಲ್ಲಿ ಅರಸರ ನೆಲೆಗಳು

ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಹುಬ್ಬಳ್ಳಿ, ಲೋಂಡಾ ಕಡೆಯಿಂದ ರೈಲಿನಲ್ಲಿ ಸಾವರ್ಡೆಗೆ ಬರುವವರು ಕ್ಯಾಸಲ್‌ರಾಕ್ ದಾಟಿದೊಡನೆ ಪರದೇಶಕ್ಕೆ ಕಾಲಿಡುತ್ತಿದ್ದರು. 1961ರ ಡಿಸೆಂಬರ್ 19ರಂದು ಆ ಗಡಿ ಅಳಿಯಿತು. ಆದರೂ ಗಣಿ, ರೈಲು, ಕಟ್ಟಡಗಳ ಕೆಲಸವನ್ನರಸಿ ಬಂದು ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು 'ನೀವು ಹೊರಗಿನವರು' ಎಂಬ ಮಾತನ್ನು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಅಂಥ ಮಕ್ಕಳು ರಜೆಯಲ್ಲಿ ತಂದೆತಾಯಿಯರೊಡನೆ ನೋಡಬೇಕಾದ ಕೆಲವು ಸ್ಥಳಗಳು ಸಾವರ್ಡೆಗೆ ಸಮೀಪದಲ್ಲಿಯೇ ಇವೆ.

ಮಡಗಾವಿಗೆ ಹೋಗುವ ಹಾದಿಯಲ್ಲಿ ಸಾವರ್ಡೆಯ ಮುಂದಿನ ರೈಲು ನಿಲ್ದಾಣ ಚಾಂದೋರ. ಕುಶಾವತಿ ನದಿಯ ದಡದ ಈ ಹಳ್ಳಿಯೇ ಪ್ರಾಚೀನ ಚಂದ್ರಪುರ. ಮೊದಲು ಭೋಜರು, ಅನಂತರ ಗೋವೆಯ ಕದಂಬರು ಇದನ್ನು ರಾಜಧಾನಿಯಾಗಿಸಿಕೊಂಡಿದ್ದರು. 11ನೆಯ ಶತಮಾನದಲ್ಲಿ ಕದಂಬರು ಕಡಲ ವ್ಯಾಪಾರಕ್ಕೆ ಅನುಕೂಲವಾದ ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ಸಾಗಿಸಿದರು. 1929ರಲ್ಲಿ ಇತಿಹಾಸಜ್ಞ ಫಾದರ್ ಹೆರಾಸ್ ಅವರು ಚಾಂದೋರದಲ್ಲಿ ಉತ್ಖನನ ನಡೆಸಿದರು. ಕೋಟೆಯಿದ್ದ ಜಾಗದಲ್ಲಿ ಇಂದು ಉಳಿದಿರುವುದು ದೇಗುಲದ ತಳಪಾಯದ ಕುರುಹು ಮತ್ತು ತಲೆಯಿಲ್ಲದ ಒಂದು ನಂದಿ. ಅರಮನೆಯನ್ನು ನೋಡುವ ಆಸೆಯಿಂದ ಹೋದವರಿಗೆ ಮೊದಲು ನಿರಾಶೆಯಾಗಬಹುದು. ಆದರೆ ಆ ಭಗ್ನ ನಂದಿಯ ಮುಂದೆ ತುಸು ಹೊತ್ತು ನಿಂತರೆ ರಾಜ್ಯಗಳ ಏಳುಬೀಳು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ಕದಂಬರ ನಂಟು ಘಟ್ಟದ ಮೇಲಿನ ನಾಡಿನೊಡನೆಯೂ ಗಾಢವಾಗಿತ್ತು. ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ ಅವರ ಮುಖ್ಯ ನೆಲೆಗಳಲ್ಲೊಂದು. ಇಮ್ಮಡಿ ಜಯಕೇಶಿಯು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ವರಿಸಿದನು. ಅವರ ಶಾಸನಗಳಲ್ಲಿ ಕನ್ನಡವೂ ಸಂಸ್ಕೃತವೂ ಇವೆ. ಗೋವೆಯ ಮಕ್ಕಳು ದಿನವೂ ಹತ್ತುವ ಸರ್ಕಾರಿ ಬಸ್ಸಿಗೆ 'ಕದಂಬ' ಎಂಬ ಹೆಸರು ಬಂದುದು ಈ ಅರಸರಿಂದಲೇ.

ಎರಡನೆಯ ಕಥೆ ಸೋದೆಯ ಅರಸರದು. ಶಿರಸಿ ಸಮೀಪದ ಸೋದೆಯಿಂದ ಆಳುತ್ತಿದ್ದ ಇವರ ರಾಜ್ಯವು ಫೊಂಡ, ಕಾಣಕೋಣಗಳವರೆಗೆ ಹಬ್ಬಿತ್ತು. 1763–64ರಲ್ಲಿ ಹೈದರಾಲಿಯ ಸೈನ್ಯವು ಸೋದೆಯನ್ನು ಗೆದ್ದುಕೊಂಡಾಗ ಅರಸನು ಪರಿವಾರದೊಡನೆ ಪೋರ್ಚುಗೀಸರ ಆಶ್ರಯ ಪಡೆದನು. ಫೊಂಡ ಬಳಿಯ ಬಾಂದೋಡೆಯಲ್ಲಿ ಆ ಮನೆತನ ನೆಲೆಸಿತು. ಸೌಂದೇಕರರ ಅರಮನೆಯೆಂದು ಅಲ್ಲಿನವರು ಕರೆಯುವುದು ಅದನ್ನೇ. ಸಮೀಪದ ನಾಗೇಶ ದೇವಾಲಯದಲ್ಲಿ ವಿಜಯನಗರದ ಕಾಲದ, 1413ನೆಯ ವರ್ಷದ ಶಿಲಾಶಾಸನವಿದೆ. ರಾಜ್ಯ ಕಳೆದುಕೊಂಡ ಅರಸನೂ ನೆಲೆಯರಸಿ ಇದೇ ಗೋವೆಗೆ ಬಂದನೆಂಬುದನ್ನು ವಲಸಿಗರ ಮಕ್ಕಳು ನೆನೆಯತಕ್ಕದ್ದು.

ಸೋದೆಯವರ ಕೈಯಲ್ಲಿದ್ದು, ಅದೇ ಸಂದರ್ಭದಲ್ಲಿ ಪೋರ್ಚುಗೀಸರ ವಶವಾದ ಕೋಟೆ ಕಾಣಕೋಣದ ಕಾಬೊ ದೆ ರಾಮ. ವನವಾಸದಲ್ಲಿ ಶ್ರೀರಾಮನು ಇಲ್ಲಿ ತಂಗಿದ್ದನೆಂಬುದು ಜನರ ನಂಬಿಕೆ. ಕಡಲಿಗೆ ಚಾಚಿದ ಬಂಡೆಯ ಮೇಲಿನ ಈ ಕೋಟೆಯಲ್ಲಿ ಹೆಬ್ಬಾಗಿಲು, ಕಂದಕ, ತುಕ್ಕು ಹಿಡಿದ ಫಿರಂಗಿಗಳು, ಸಂತ ಅಂತೋನಿಯ ಇಗರ್ಜಿ ಇವೆ. 20ನೆಯ ಶತಮಾನದ ನಡುವಿನವರೆಗೂ ಇದನ್ನು ಸೆರೆಮನೆಯಾಗಿ ಬಳಸಲಾಗುತ್ತಿತ್ತು. ಬುರುಜಿನ ಅಂಚಿನಲ್ಲಿ ಕಾಲು ಜಾರಿದರೆ ಕೆಳಗೆ ಸಮುದ್ರ. ಮಳೆಗಾಲದಲ್ಲಿ ಮಕ್ಕಳ ಕೈ ಬಿಡಲಾಗದು.

ಈ ಸ್ಥಳಗಳನ್ನು ಕಂಡು 'ಗೋವೆಯೂ ನಮ್ಮದೇ ಆಗಿತ್ತು' ಎಂದು ಬೀಗುವುದು ತರವಲ್ಲ. ಕೊಂಕಣಿಗರೂ ಮರಾಠಿಗರೂ ಕನ್ನಡಿಗರೂ ಈ ಕಲ್ಲುಗಳಿಗೆ ಸಮಾನ ವಾರಸುದಾರರು. ಆದರೆ 'ಹೊರಗಿನವರು' ಎಂಬ ಮಾತಿಗೆ ಜಗಳವಾಡದೆ ಉತ್ತರಿಸುವ ತಿಳಿವು ಮಗುವಿಗೆ ಇಲ್ಲಿ ದೊರೆಯುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತದೆ, ಚೂರನ್ನೂ ಎತ್ತಿಕೊಳ್ಳದೆ, ಕಂಡುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಶಾಲೆಗೆ ಒಯ್ದರೆ ಆ ಪ್ರವಾಸ ಸಾರ್ಥಕ.